12 ದಿನಕ್ಕೇ ಆಹಾರ ಬದಲಿಸಬೇಡಿ: ನಾಯಿಯ ತುರಿಕೆಯ ಬಗ್ಗೆ ನನ್ನ ಅನುಭವ

ನಿಮ್ಮ ಎರಡು ವರ್ಷದ ಲ್ಯಾಬ್ರಡಾರ್ ಪಾದ ನೆಕ್ಕುವುದನ್ನೂ ಕಿವಿ ಕೆರೆಯುವುದನ್ನೂ ಬಿಟ್ಟಿಲ್ಲ, ಧಾನ್ಯರಹಿತ ಆಹಾರ ಕೊಟ್ಟು 12 ದಿನವಾದರೂ ಗುಣ ಕಾಣದ್ದರಿಂದ ಈಗ ಕುರಿಮಾಂಸದ ಆಹಾರ ತರುತ್ತಿದ್ದೇನೆ ಎಂದು ಬರೆದಿದ್ದೀರಿ. ದಯವಿಟ್ಟು ತರಬೇಡಿ. ಇದೇ ತಪ್ಪನ್ನು ನಾನು ಇಡೀ ಒಂದು ವರ್ಷ ಮಾಡಿದ್ದೇನೆ. ಐದು ಬಗೆಯ ಚೀಲಗಳು ಮನೆಗೆ ಬಂದವು, ತುರಿಕೆ ಮಾತ್ರ ಇದ್ದಲ್ಲೇ ಇತ್ತು. ಹೀಗೆ ಒಂದೊಂದೇ ಮಾಂಸದ ರುಚಿ ಹತ್ತಿಸುತ್ತ ಹೋದರೆ, ಮುಂದೆ ಪರೀಕ್ಷೆಗೆ ಬೇಕಾಗುವ, ನಾಯಿ ಎಂದೂ ತಿಂದಿರದ ಪ್ರೋಟೀನೇ ಉಳಿಯುವುದಿಲ್ಲ. ನಾಯಿಗಳಲ್ಲಿ ಹೆಚ್ಚಾಗಿ ಅಲರ್ಜಿ ತರುವುದು ದನದ ಮಾಂಸ, ಹಾಲಿನ ಪದಾರ್ಥ ಮತ್ತು ಕೋಳಿ. ಗೋಧಿಯೂ ಆ ಸಾಲಿನಲ್ಲಿದೆ ನಿಜ, ಆದರೆ ಧಾನ್ಯವೆಲ್ಲವೂ ಕಳ್ಳ ಎಂಬುದು ಚೀಲದ ಮೇಲಿನ ಜಾಹೀರಾತಿನ ಮಾತು.

ಆ ಪರೀಕ್ಷೆಯ ಹೆಸರು ಎಲಿಮಿನೇಷನ್ ಡಯಟ್, ಅಂದರೆ ಅನುಮಾನದ ಆಹಾರವನ್ನೆಲ್ಲ ಬಿಡಿಸಿ ನೋಡುವ ಪಥ್ಯ: ಕನಿಷ್ಠ 8 ವಾರ, ಪಶುವೈದ್ಯರು ಸೂಚಿಸುವ ಹೈಡ್ರೊಲೈಸ್ಡ್ ಆಹಾರ (ಪ್ರೋಟೀನನ್ನು ಸಣ್ಣ ಸಣ್ಣ ತುಣುಕಾಗಿ ಒಡೆದು ಮಾಡಿದ್ದು) ಅಥವಾ ನಾಯಿ ಎಂದೂ ತಿಂದಿರದ ಪ್ರೋಟೀನಿನ ಆಹಾರ, ಜೊತೆಗೆ ನೀರು, ಬೇರೇನೂ ಇಲ್ಲ. ನಾನೂ ಹಾಗೆಯೇ ಮಾಡುತ್ತಿದ್ದೇನೆಂದು ನಂಬಿದ್ದೆ. ಆರನೆಯ ವಾರವೂ ಫಲ ಕಾಣದೆ ಸಿಟ್ಟಿನಿಂದ ವೈದ್ಯರ ಬಳಿ ಹೋದಾಗ, ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಮಾತ್ರೆಯನ್ನು ಯಾವುದರಲ್ಲಿ ಸುತ್ತಿ ಕೊಡುತ್ತೀರಿ?’ ಉಗುರಿನಷ್ಟು ಚೀಸ್‌ನಲ್ಲಿ. ಅದೂ ಸಾಲದೆಂಬಂತೆ, ಉಣ್ಣಿ ಹುಳುಗಳಿಗೆಂದು ಕೊಟ್ಟಿದ್ದ ಅಗಿಯುವ ಮಾತ್ರೆಯೂ ಮಾಂಸದ ರುಚಿಯದು. ಆರು ವಾರದ ಶ್ರಮ ನೀರಿನಲ್ಲಿ ಹೋಮವಾಯಿತು. ಮತ್ತೆ ಮೊದಲಿನಿಂದ ಆರಂಭಿಸಿದ ಮೇಲೆ, ಏಳನೆಯ ವಾರದ ಒಂದು ರಾತ್ರಿ ಚಪಚಪ ನೆಕ್ಕುವ ಸದ್ದು ಇಲ್ಲದ್ದರಿಂದಲೇ ನನಗೆ ಎಚ್ಚರವಾಯಿತು. ಎಂಜಲಿನಿಂದ ತುಕ್ಕಿನ ಬಣ್ಣಕ್ಕೆ ತಿರುಗಿದ್ದ ಪಾದದ ಕೂದಲು ಬುಡದಲ್ಲಿ ಬೆಳ್ಳಗೆ ಹುಟ್ಟತೊಡಗಿತ್ತು. ಅಲ್ಲಿಗೂ ಮುಗಿಯಲಿಲ್ಲ: ಹಳೆಯ ಆಹಾರವನ್ನು ಮತ್ತೆ ಕೊಟ್ಟು, ತುರಿಕೆ ಮರಳುವುದನ್ನು ನೋಡಿದ ಮೇಲೆಯೇ ಅದನ್ನು ಆಹಾರದ ಅಲರ್ಜಿ ಎನ್ನಬಹುದು. ನಿಮ್ಮ ಮನೆಯಲ್ಲಿ ಬೆಕ್ಕೂ ಇದೆಯಾದ್ದರಿಂದ ಅದರ ತಟ್ಟೆಯನ್ನು ನಾಯಿಗೆ ಎಟುಕದಂತೆ ಇಡಿ.

ಆದರೆ ಇದಕ್ಕೂ ಮೊದಲು ತುರಿಕೆಗೆ ಚಿಗಟ ಕಾರಣವಲ್ಲ ಎಂದು ಖಚಿತಪಡಿಸಿಕೊಳ್ಳಬೇಕು. ಬಾಲದ ಬುಡ ಮತ್ತು ಸೊಂಟದ ಮೇಲೆ ಹೆಚ್ಚು ಕಚ್ಚಿಕೊಳ್ಳುತ್ತಿದ್ದರೆ ಮೊದಲ ಅನುಮಾನ ಅದರದ್ದೇ. ಅಲರ್ಜಿ ಇರುವ ನಾಯಿಗೆ ನಾಲ್ಕಾರು ಕಡಿತಗಳೇ ಸಾಕು. ‘ಒಂದೂ ಚಿಗಟ ಕಾಣಲಿಲ್ಲ’ ಎಂಬ ವಾದ ನಿಲ್ಲುವುದಿಲ್ಲ, ಏಕೆಂದರೆ ನೆಕ್ಕುವ ನಾಯಿ ಅವನ್ನು ನುಂಗಿಬಿಟ್ಟಿರುತ್ತದೆ. ಬಾಚಿದಾಗ ಉದುರುವ ಕರಿಪುಡಿಯನ್ನು ಒದ್ದೆ ಬಿಳಿ ಬಟ್ಟೆಯ ಮೇಲೆ ಉಜ್ಜಿ ನೋಡಿ: ಕೆಂಪು ಬಿಟ್ಟರೆ ಅದು ಚಿಗಟದ ಹಿಕ್ಕೆ. ಕಿವಿಯಿಂದ ಹುಳಿವಾಸನೆ ಬರುತ್ತಿದ್ದರೆ ಯೀಸ್ಟ್ ಎಂಬ ಶಿಲೀಂಧ್ರದ ಸೋಂಕಿಗೂ ಪರೀಕ್ಷೆ ಮಾಡಿಸಿ. ಸೋಂಕು ಉಳಿದಿದ್ದರೆ ಎಷ್ಟೇ ಪಥ್ಯ ಮಾಡಿದರೂ ತುರಿಕೆ ನಿಲ್ಲುವುದಿಲ್ಲ.

ಇನ್ನೊಂದು ಸಂಗತಿ. ಧೂಳಿನ ನುಸಿ, ಪರಾಗಗಳ ಅಲರ್ಜಿಯೂ ಪಾದ, ಕಿವಿ, ಕಂಕುಳಲ್ಲೇ ಕಾಣಿಸಿಕೊಳ್ಳುತ್ತದೆ ಮತ್ತು ಸಾಮಾನ್ಯವಾಗಿ 6 ತಿಂಗಳಿಂದ 3 ವರ್ಷದೊಳಗೆ ಶುರುವಾಗುತ್ತದೆ. ಆದ್ದರಿಂದ ನಿಮ್ಮ ನಾಯಿಯ ಸಮಸ್ಯೆ ಆಹಾರದ್ದೇ ಎಂದು ನಾನು ಹೇಳುತ್ತಿಲ್ಲ. ಆಹಾರದ ಅಲರ್ಜಿ ಹಿಡಿಯುತ್ತೇವೆ ಎನ್ನುವ ರಕ್ತ ಮತ್ತು ಎಂಜಲಿನ ಪರೀಕ್ಷೆಗಳು ನಂಬಲರ್ಹವಲ್ಲ, ಅವುಗಳಿಗೆ ಹಣ ಸುರಿಯಬೇಡಿ. ಪಶುವೈದ್ಯರು ಬರೆದುಕೊಡುವ ಅಪೊಕ್ವೆಲ್ ಎಂಬ ಮಾತ್ರೆ ತುರಿಕೆಯನ್ನು ಬೇಗ ಇಳಿಸುತ್ತದೆ, ನನಗೆ ಅದರ ಮೇಲೆ ಒಳ್ಳೆಯ ಅಭಿಪ್ರಾಯವೇ ಇದೆ. ಆದರೆ ಪಥ್ಯದ ಕೊನೆಯ ವಾರಗಳಲ್ಲೂ ಅದನ್ನು ಕೊಡುತ್ತಿದ್ದರೆ ಗುಣ ಯಾವುದರಿಂದ ಬಂತೆಂದು ತಿಳಿಯದು. ಸ್ಟೀರಾಯ್ಡ್ ನಡೆಯುತ್ತಿದ್ದರೆ ನೀವಾಗಿಯೇ ಒಮ್ಮೆಲೇ ನಿಲ್ಲಿಸಬೇಡಿ. ಮನುಷ್ಯರ ನೆಗಡಿಯ ಮಾತ್ರೆಯನ್ನಂತೂ ಅಂದಾಜಿನಲ್ಲಿ ಅರ್ಧ ಮುರಿದು ಕೊಡಲೇಬೇಡಿ: ಅಲರ್ಜಿ ಔಷಧಿಯಾದ ಸೆಟಿರಿಜಿನ್ ಜೊತೆ ಮೂಗುಕಟ್ಟು ಬಿಡಿಸುವ ಸೂಡೊಎಫೆಡ್ರಿನ್ ಬೆರೆತಿರುವ ಮಾತ್ರೆಗಳು ನಾಯಿಗೆ ವಿಷ. ಹಾಗೆಯೇ ಪರ್ಮೆಥ್ರಿನ್ ಎಂಬ ಕೀಟನಾಶಕ ಇರುವ ಚಿಗಟದ ಔಷಧಿಯನ್ನು ನಾಯಿಯ ಬೆನ್ನಿಗೆ ಹಾಕಿದ್ದರೆ, ಅದು ಪೂರ್ತಿ ಒಣಗುವವರೆಗೆ ಬೆಕ್ಕನ್ನು ಅದರ ಪಕ್ಕದಲ್ಲಿ ಮಲಗಲು ಬಿಡಬೇಡಿ, ಬೆಕ್ಕಿಗೆ ಆ ಔಷಧಿ ಮಾರಕ.