ಇಂಗ್ಲಿಷ್ ಉಚ್ಚಾರಣೆ ಕಲಿಸುವುದನ್ನು ಎಲ್ಲಿಂದ ಶುರು ಮಾಡಬೇಕು?

ಒಂದೊಂದೇ ಅಕ್ಷರದ ಸದ್ದು ತಿದ್ದುತ್ತಾ ಕೂರುವ ಮೊದಲು, ಪದದಲ್ಲಿ ಒತ್ತು ಎಲ್ಲಿ ಬೀಳುತ್ತದೆ ಅನ್ನುವುದನ್ನು ಕಲಿಸಿ. ಒತ್ತು ತಪ್ಪಿದರೆ ಕೇಳುವವರಿಗೆ ಪದವೇ ಗುರುತು ಸಿಗದೆ ಹೋಗಬಹುದು. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲ ಭಾಗದ ಮೇಲೆ. ‘ಫೋಟೋಗ್ರಾಫರ್’ ಅಂದಾಗ ಅದು ಎರಡನೆಯದಕ್ಕೆ ಜಾರುತ್ತದೆ. ಜೊತೆಗೆ ಉಳಿದ ಸ್ವರಗಳು ಸಪ್ಪೆಯಾಗಿ ‘ಅ’ ಥರ ಕೇಳುತ್ತವೆ: ಫ-ಟಾ-ಗ್ರ-ಫರ್. ಒತ್ತು ಬೀಳುವ ಕಡೆ ಚಪ್ಪಾಳೆ ತಟ್ಟಿಸಿ, ಬೇಗ ತಲೆಗೆ ಹತ್ತುತ್ತದೆ.

ಬರಹ ನೋಡಿ ಓದಿಸುವುದನ್ನು ಆಮೇಲಕ್ಕೆ ಇಟ್ಟುಕೊಳ್ಳಿ. ಇರುವುದು 26 ಅಕ್ಷರ. ಬ್ರಿಟಿಷ್ ಇಂಗ್ಲಿಷಿನ ಸದ್ದುಗಳೋ, ಸುಮಾರು 44! ಮೊದಲು ಕಿವಿ ಪಳಗಬೇಕು. ‘ಶಿಪ್’, ‘ಶೀಪ್’ ಥರದ ಜೋಡಿಯಲ್ಲಿ ಒಂದನ್ನು ಹೇಳಿ, ಯಾವುದು ಕೇಳಿಸಿತು ಅಂತ ಕೇಳಿ. ಕಿವಿಗೆ ಗೊತ್ತಾಗದ ವ್ಯತ್ಯಾಸ ನಾಲಿಗೆಗೆ ಬರುವುದು ಕಷ್ಟ, ಅಲ್ವಾ? ಬ್ರಿಟಿಷರ ಥರವೇ ಮಾತಾಡಬೇಕು ಅನ್ನುವ ಹಟ ಮಾತ್ರ ಬೇಡ, ಸುಮ್ನೆ ಭಯ ಹುಟ್ಟಿಸುತ್ತದೆ.

ಬಾಯಿಯ ಆಕಾರ ತೋರಿಸಲು ಒಂದು ಕನ್ನಡಿ ಸಾಕು. ‘ವ್ಯಾನ್’ ಅನ್ನುವಾಗ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು. ‘ವಾಟರ್’ ಅನ್ನುವಾಗ ಹಲ್ಲು ತಾಗಬಾರದು, ತುಟಿ ದುಂಡಗಾಗಬೇಕು. ಕನ್ನಡಿಯಲ್ಲಿ ನೋಡಿಕೊಂಡು ಎಷ್ಟೋ ಜನ ತಾವೇ ತಿದ್ದಿಕೊಳ್ಳುತ್ತಾರೆ.