ಗಂಡನ ಕುಡಿತ ಬಿಡಿಸೋಕೆ ಹೊಲ ಒತ್ತೆ ಇಡಬೇಕಾ?

ತಂಗಿ, ನೀವು ಬರೆದಿದ್ದನ್ನು ಎರಡು ಸಲ ಓದಿದೆ. ಗುರುಮಠಕಲ್ ಕಡೆಯ ಹಳ್ಳಿ. ಯಜಮಾನರಿಗೆ 34 ವಯಸ್ಸು. ಹಗಲು ತೆಲಂಗಾಣದ ಗಡಿ ದಾಟಿ ಹೋಗಿ ಸೇಂದಿ, ರಾತ್ರಿ ಕ್ವಾರ್ಟರ್. ಮುಂಜಾನೆ ಎದ್ದ ಕೂಡಲೇ ಕೈ ನಡುಗುತ್ತದೆ. ಹೈದರಾಬಾದಿನ ಒಂದು ಸೆಂಟರ್‌ನವರು ಮೂರು ತಿಂಗಳಿಗೆ 75 ಸಾವಿರ ಕೇಳಿದ್ದಾರೆ. ಎರಡು ಎಕರೆ ಹೊಲ ಒತ್ತೆ ಇಡೋಣ ಅಂತ ಮೈದುನ ಹೇಳುತ್ತಿದ್ದಾನೆ. ಊಟದಲ್ಲಿ ಕಲಸಿ ಕೊಡು ಅಂತ ನಾದಿನಿ ಒಂದು ಪುಡಿ ತಂದಿದ್ದಾಳೆ. ಎಲ್ಲಿ ಸೇರಿಸಲಿ, ದುಡ್ಡು ಎಲ್ಲಿಂದ ತರಲಿ ಅಂತ ಕೇಳಿದ್ದೀರಿ.

ಹೊಲ ಒತ್ತೆ ಇಡಬೇಡಿ. ಪುಡಿ ಕಲಸಬೇಡಿ. ಇವೆರಡನ್ನು ಮೊದಲೇ ಹೇಳಿಬಿಡುತ್ತೇನೆ. ಯಾಕೆ ಅಂತ ಮುಂದೆ ಬರೆದಿದ್ದೇನೆ.

ನಾನು ಕಲಬುರಗಿಯವಳು, ಹೊಲಿಗೆ ಕೆಲಸ ಮಾಡುತ್ತೇನೆ. ನಮ್ಮ ಮನೆಯವರು ಗೌಂಡಿ. ಕೆಲವು ವರ್ಷಗಳ ಹಿಂದೆ ನಾನೂ ನಿಮ್ಮ ಹಾಗೇ ಕಂಗೆಟ್ಟು ಕೂತಿದ್ದೆ. ಮುಂಜಾನೆ ಚಹಾ ಕೊಟ್ಟರೆ ಕಪ್ಪು ಬಸಿಯ ಮೇಲೆ ಕಟಕಟ ಅಂತ ಬಡಿಯುತ್ತಿತ್ತು. ಗೋಡೆಗೆ ನುಣ್ಣಗೆ ಗಿಲಾವು ಮಾಡುವ ಕೈ ಅದು. ಒಂದು ನೈಂಟಿ ಒಳಗೆ ಹೋದ ಮೇಲೆಯೇ ಕರಣೆ ಹಿಡಿಯೋಕೆ ಬರುತ್ತಿತ್ತು. ನಾನು ಅದನ್ನು ಸೊಕ್ಕು ಅಂದುಕೊಂಡಿದ್ದೆ. ಮೈ ಕುಡಿತಕ್ಕೆ ಒಗ್ಗಿ ಹೋಗಿದೆ, ಸಿಗದಿದ್ದರೆ ನಡುಗುತ್ತದೆ ಅಂತ ಯಾರೂ ಹೇಳಿರಲಿಲ್ಲ.

ಆಗ ನಾನು ಮಾಡಿದ ತಪ್ಪು ಕೇಳಿ. ತವರಿನವರು ಹಾಕಿದ್ದ ಬೋರಮಾಳ ಸರ ಮಾರಿ ಒಂದು ಖಾಸಗಿ ಸೆಂಟರ್‌ಗೆ 45 ಸಾವಿರ ಕಟ್ಟಿದೆ. ರಾತ್ರಿ ಹನ್ನೊಂದಕ್ಕೆ ಜೀಪು ಬಂತು. ನಾಲ್ಕು ಜನ ಇಳಿದು, ಮಲಗಿದ್ದವರ ಕೈ ಕಟ್ಟಿ ಎತ್ತಿಕೊಂಡು ಹೋದರು. ಮಗ ಬಾಗಿಲ ಹಿಂದೆ ನಿಂತು ನೋಡುತ್ತಿದ್ದ. ಒಂದು ತಿಂಗಳು ಭೇಟಿ ಇಲ್ಲ, ಫೋನೂ ಇಲ್ಲ. ದುಡ್ಡು ಕಟ್ಟಿದ್ದಕ್ಕೆ ಸರಿಯಾದ ರಸೀದಿ ಕೂಡ ಕೊಡಲಿಲ್ಲ. ಆಮೇಲೆ ಗೊತ್ತಾಯಿತು, ಅಲ್ಲಿ ಡಾಕ್ಟರೇ ಇರಲಿಲ್ಲ. ಮೂರು ತಿಂಗಳಿಗೆ ಮನೆಗೆ ಬಂದರು, ಒಂಬತ್ತನೇ ದಿನಕ್ಕೆ ಮತ್ತೆ ಕುಡಿದರು. ಅಷ್ಟೊತ್ತಿಗೆ ಕೈಯಲ್ಲಿ ಒಂದು ರೂಪಾಯಿ ಇರಲಿಲ್ಲ. ನನ್ನ ಸಿಟ್ಟಿನ ಮಾತಿನಿಂದಲೂ ಕೈ ಕಟ್ಟಿಸಿ ಕಳಿಸಿದ್ದರಿಂದಲೂ ಅವರು ನನ್ನ ಜೊತೆ ಮಾತೇ ಬಿಟ್ಟಿದ್ದರು.

ಅದಕ್ಕೇ ಹೇಳುತ್ತೇನೆ, ದುಡ್ಡೆಲ್ಲ ಶುರುವಿನಲ್ಲೇ ಸುರಿಯಬೇಡಿ. ಕುಡಿತ ನಿಲ್ಲಿಸುವ ಮೊದಲ ವಾರವನ್ನು ಸರ್ಕಾರಿ ದವಾಖಾನೆಯಲ್ಲಿ ಮಾಡಿಸಿ. ಅಲ್ಲಿ ಖರ್ಚು ತೀರಾ ಕಡಿಮೆ. ನಿಮ್ಮ ಹತ್ತಿರ ಇರುವ ದುಡ್ಡು ನಂತರದ ಒಂದು ವರ್ಷಕ್ಕೆ ಬೇಕು. ಗುಳಿಗೆ, ಬಸ್ಸು, ಕೆಲಸ ಇಲ್ಲದ ದಿನಗಳ ರೇಷನ್, ಇವೆಲ್ಲ ಆಗ ಬರುತ್ತವೆ.

ಇನ್ನು ಸೇಂದಿಯ ವಿಷಯ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಸೇಂದಿ ಅಂದರೆ ಗಿಡದ್ದು, ಏನೂ ಆಗಲ್ಲ ಅಂತ ನಮ್ಮ ಕಡೆ ಹಿರಿಯರು ಹೇಳುತ್ತಾರೆ. ಆದರೆ ಅಂಗಡಿಯಲ್ಲಿ ಮಾರುವ ಸೇಂದಿಯಲ್ಲಿ ಕ್ಲೋರಲ್ ಹೈಡ್ರೇಟ್ ಬೆರೆಸುವುದು ಬಹಳ ದಿನದಿಂದ ಇದೆ. ಜನ ಅದಕ್ಕೆ ಸಿಎಚ್ ಪೌಡರ್ ಅನ್ನುತ್ತಾರೆ. ಡಯಾಜೆಪಾಮ್, ಅಲ್ಪ್ರಜೋಲಾಮ್ ಕೂಡ ಹಾಕುತ್ತಾರೆ. ಇವೆಲ್ಲ ನಿದ್ದೆ ಬರಿಸುವ ಔಷಧಿಗಳು. ಅಂದರೆ ನಿಮ್ಮವರ ಮೈಗೆ ಹೆಂಡದ ಜೊತೆ ಇವೂ ಅಂಟಿಕೊಂಡಿರಬಹುದು. ಒಮ್ಮೆಲೇ ನಿಲ್ಲಿಸಿದರೆ ಫಿಟ್ಸ್ ಬರಬಹುದು, ಇಲ್ಲದ್ದು ಕಾಣಿಸಬಹುದು.

ಆಮೇಲೆ ಸರ್ಕಾರಿ ದವಾಖಾನೆಗೆ ಸೇರಿದಾಗ ನಮ್ಮವರ ಪಕ್ಕದ ಬೆಡ್‌ನಲ್ಲಿ ಚಿಂಚೋಳಿ ಕಡೆಯ ಒಬ್ಬರು ಇದ್ದರು. ಬರೀ ಬ್ರಾಂದಿ ಕುಡಿಯುತ್ತೇನೆ ಅಂತ ಡಾಕ್ಟರ ಮುಂದೆ ಹೇಳಿದ್ದರು, ಸೇಂದಿ ಅನ್ನೋಕೆ ನಾಚಿಕೆ. ನಾಲ್ಕು ದಿನವಾದರೂ ನಿದ್ದೆ ಇಲ್ಲ, ಗೋಡೆಯ ಜೊತೆ ಮಾತಾಡುತ್ತಿದ್ದರು. ಐದನೇ ದಿನ ಅವರ ಹೆಂಡತಿ ಡಾಕ್ಟರನ್ನು ಹೊರಗೆ ಕರೆದು ಸೇಂದಿ ವಿಷಯ ಬಿಚ್ಚಿ ಹೇಳಿದಳು. ಆಮೇಲೆ ಔಷಧಿ ಬದಲಾಯಿತು. ಆದ್ದರಿಂದ ನೀವು ಮೊದಲ ಮಾತಿನಲ್ಲೇ ಹೇಳಿ: ಸೇಂದಿ ದಿನಕ್ಕೆ ಎಷ್ಟು ಬಾಟಲಿ, ಎಷ್ಟು ವರ್ಷದಿಂದ, ಕೊನೆಗೆ ಕುಡಿದಿದ್ದು ಯಾವಾಗ.

ಮನೆಯಲ್ಲಿ ಕೂಡಿಹಾಕಿ ಬಿಡಿಸೋಕೆ ಹೋಗಬೇಡಿ. ಕೊನೆಯ ಗುಟುಕಿನ ನಂತರ ಆರೆಂಟು ತಾಸಿಗೆ ನಡುಕ ಶುರುವಾಗುತ್ತದೆ. ಫಿಟ್ಸ್ ಬರುವುದಾದರೆ ಹೆಚ್ಚಾಗಿ ಮೊದಲ ಎರಡು ದಿನದಲ್ಲಿ. ಮೂರನೇ ದಿನದ ಹೊತ್ತಿಗೆ ಕೆಲವರಿಗೆ ಬುದ್ಧಿಭ್ರಮೆ ಆಗುತ್ತದೆ, ಜ್ವರ ಬರುತ್ತದೆ, ಜೀವಕ್ಕೇ ಅಪಾಯ. ನಮ್ಮವರಿಗೆ ಮನೆಯಲ್ಲೇ ಫಿಟ್ಸ್ ಬಂತು, 108ಕ್ಕೆ ಫೋನ್ ಮಾಡಿದೆ. ಹಾಗೆ ನಾವು ಇಲ್ಲಿಯ ದೊಡ್ಡ ಸರ್ಕಾರಿ ದವಾಖಾನೆಗೆ, ಅಂದರೆ ಜಿಮ್ಸ್‌ಗೆ ಸೇರಿದ್ದು.

ಮೂರನೇ ರಾತ್ರಿ ನನಗೆ ಇವತ್ತಿಗೂ ನೆನಪಿದೆ. ಚಾದರದ ಮೇಲಿಂದ ಏನೋ ಹೆಕ್ಕಿ ಹೆಕ್ಕಿ ಕೆಳಗೆ ಒಗೆಯುತ್ತಿದ್ದರು. ಏನ್ರೀ ಅದು ಅಂದರೆ, ಇರುವೆ ಕಾಣಲ್ವಾ ನಿನಗೆ ಅಂದರು. ಒಂದು ಇರುವೆಯೂ ಇರಲಿಲ್ಲ. ನರ್ಸಮ್ಮ ಬಂದು ಇಂಜೆಕ್ಷನ್ ಕೊಟ್ಟು, ಲೈಟ್ ಹಚ್ಚಿಯೇ ಇಡಿ, ಕತ್ತಲಲ್ಲಿ ಇನ್ನೂ ಹೆದರುತ್ತಾರೆ ಅಂದರು. ವಿಟಮಿನ್ ಹಾಕಿದ ಹಳದಿ ಸಲೈನ್ ಹನಿ ಹನಿ ಇಳಿಯುತ್ತಿತ್ತು. ಕುಡುಕರ ಮೈಯಲ್ಲಿ ಬಿ1 ವಿಟಮಿನ್ ಖಾಲಿಯಾಗಿರುತ್ತದೆ, ಅದನ್ನು ಕೊಡದೆ ಬರೀ ಗ್ಲುಕೋಸ್ ಏರಿಸಿದರೆ ಮಿದುಳಿಗೆ ಪೆಟ್ಟಾಗಬಹುದು ಅಂತ ಡಾಕ್ಟರು ತಿಳಿಸಿ ಹೇಳಿದರು. ಊರಿನ ಚಿಕ್ಕ ಕ್ಲಿನಿಕ್ಕಿನಲ್ಲಿ ಸುಮ್ನೆ ಒಂದು ಬಾಟಲಿ ಹಾಕಿಸಿಕೊಂಡು ಬರುವುದು ಯಾಕೆ ಸರಿಯಲ್ಲ ಅಂತ ನನಗೆ ಅವತ್ತು ತಿಳಿಯಿತು. ಐದನೇ ದಿನ ಮುಂಜಾನೆ ಅವರೇ ಚಹಾ ಕೇಳಿದರು. ಕಪ್ಪು ಸಪ್ಪಳ ಮಾಡಲಿಲ್ಲ.

ಹನ್ನೊಂದು ದಿನ ಇದ್ದೆವು. ನನ್ನ ಊಟ, ಆಟೋ, ಹೊರಗಿನಿಂದ ತಂದ ಒಂದೆರಡು ಔಷಧಿ ಎಲ್ಲ ಸೇರಿ ಸುಮಾರು 3,400 ರೂಪಾಯಿ ಆಯಿತು.

ನಿಮಗೆ ಹತ್ತಿರ ಯಾದಗಿರಿ ಜಿಲ್ಲಾ ಆಸ್ಪತ್ರೆ, ಈಗ ಯಿಮ್ಸ್ ಅನ್ನುತ್ತಾರಲ್ಲ, ಅದೇ. ಚೀಟಿ ಮಾಡಿಸುವಾಗ ಮನೋರೋಗ ವಿಭಾಗ ಅಂತ ಹೇಳಿ. ಹುಚ್ಚರ ಡಾಕ್ಟರು ಅಂತ ಅತ್ತೆ ಮುಖ ಸಿಂಡರಿಸಬಹುದು, ಕಿವಿಗೆ ಹಾಕಿಕೊಳ್ಳಬೇಡಿ. ಕುಡಿತದ ಚಿಕಿತ್ಸೆ ಇರುವುದೇ ಅವರ ಹತ್ತಿರ. ಅಲ್ಲಿ ಬೆಡ್ ಸಿಗದಿದ್ದರೆ ಕಲಬುರಗಿಯ ಜಿಮ್ಸ್. ಬೀದರ್ ಕಡೆಯವರು ಇದನ್ನು ಓದುತ್ತಿದ್ದರೆ ನಿಮಗೆ ಬ್ರಿಮ್ಸ್ ಇದೆ. ಇವು ಆಗದಿದ್ದರೆ ಧಾರವಾಡದ ಡಿಮ್ಹಾನ್ಸ್, ಬೆಂಗಳೂರಿನ ನಿಮ್ಹಾನ್ಸ್. ಆದರೆ ನಡುಗುವ ಮನುಷ್ಯನನ್ನು ರಾತ್ರಿಯಿಡೀ ರೈಲಿನಲ್ಲಿ ಕೂರಿಸಿಕೊಂಡು ಅಷ್ಟು ದೂರ ಹೋಗಬೇಡಿ. ಮೊದಲು ಹತ್ತಿರದ ದವಾಖಾನೆ.

ಹೊರಡುವ ಮುಂಚೆ 14446ಕ್ಕೆ ಫೋನ್ ಮಾಡಿ. ಇದು ಕೇಂದ್ರ ಸರ್ಕಾರದ ವ್ಯಸನಮುಕ್ತಿ ಸಹಾಯವಾಣಿ, ದುಡ್ಡು ಹೋಗಲ್ಲ. ಸರ್ಕಾರದ ಅನುದಾನದಲ್ಲಿ ಸಂಸ್ಥೆಗಳು ನಡೆಸುವ ಉಚಿತ ವ್ಯಸನಮುಕ್ತಿ ಕೇಂದ್ರಗಳಿವೆ, ನಿಮಗೆ ಹತ್ತಿರದ್ದು ಯಾವುದು ಅಂತ ಅವರನ್ನೇ ಕೇಳಿ. ನಡುರಾತ್ರಿ ನಿಮಗೇ ತಡೆಯೋಕೆ ಆಗದಿದ್ದರೆ 14416, ಅದು ಟೆಲಿ ಮಾನಸ್. ಕನ್ನಡದಲ್ಲೇ ಮಾತಾಡುತ್ತಾರೆ. ಕುಡಿಯುವವರೇ ಮಾಡಬೇಕು ಅಂತೇನಿಲ್ಲ, ಹೆಂಡತಿಯೂ ಮಾಡಬಹುದು. ನಾನು ಮಾಡಿದ್ದೇನೆ, ಮುಕ್ಕಾಲು ಗಂಟೆ ಅತ್ತಿದ್ದೇನೆ. ನೀವು ಬರೆದಿಲ್ಲ, ಆದರೂ ಹೇಳುತ್ತೇನೆ: ಕೈ ಮಾಡುತ್ತಿದ್ದರೆ 181 ಮಹಿಳಾ ಸಹಾಯವಾಣಿ ಇದೆ.

ಈಗ ದುಡ್ಡು. ಬಿಪಿಎಲ್ ರೇಷನ್ ಕಾರ್ಡು, ಇಬ್ಬರ ಆಧಾರ್ ಮರೆಯದೆ ಒಯ್ಯಿರಿ. ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕದಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಚಿಕಿತ್ಸೆ ಇದೆ. ದವಾಖಾನೆಯಲ್ಲಿ ಆರೋಗ್ಯ ಮಿತ್ರ ಅಂತ ಒಬ್ಬರು ಕೂತಿರುತ್ತಾರೆ, ಅಡ್ಮಿಟ್ ಆದ ದಿನವೇ ಅವರಿಗೆ ಕಾರ್ಡು ತೋರಿಸಿ ಕೇಳಿ. ಬಿಡುಗಡೆ ದಿನ ಕೇಳಿದರೆ ತಡ ಆಗುತ್ತದೆ. ಶಕ್ತಿ ಯೋಜನೆಯಿಂದ ನಿಮಗೆ ಬಸ್ಸು ಉಚಿತ, ಟಿಕೆಟ್ ಅವರದ್ದಷ್ಟೇ. ಗೃಹಲಕ್ಷ್ಮಿಯ 2,000 ಬರುತ್ತಿದ್ದರೆ ಅದನ್ನು ಮುಟ್ಟದೆ ಈ ವರ್ಷದ ಗುಳಿಗೆಗೆ, ಓಡಾಟಕ್ಕೆ ಇಡಿ. ಫೈನಾನ್ಸ್‌ನವರ ವಾರದ ಸಾಲ ಮಾತ್ರ ಬೇಡವೇ ಬೇಡ. ಸೇಡಂ, ವಾಡಿ ಕಡೆ ಸಿಮೆಂಟ್ ಫ್ಯಾಕ್ಟರಿಯಲ್ಲಿ ದುಡಿಯುವವರಿಗೆ ಇಎಸ್ಐ ಕಾರ್ಡು ಇದ್ದರೆ ಕಲಬುರಗಿಯಲ್ಲೇ ಇಎಸ್ಐ ಆಸ್ಪತ್ರೆ ಇದೆ. ಖಾಸಗಿ ಆರೋಗ್ಯ ವಿಮೆ ಇದೆ ಅಂತ ನಂಬಿ ಕೂರಬೇಡಿ. ಕುಡಿತದ ಚಿಕಿತ್ಸೆ ಕೊಡಲ್ಲ ಅನ್ನುವ ಷರತ್ತು ಆ ಪಾಲಿಸಿಗಳಲ್ಲಿ ಸಾಮಾನ್ಯವಾಗಿ ಇರುತ್ತದೆ.

ಮೈದುನ ಆ ಸೆಂಟರೇ ಆಗಬೇಕು ಅಂತ ಹಟ ಹಿಡಿದರೆ, ಒಂದು ಸಲ ನೀವೇ ಹೋಗಿ ನೋಡಿ. 2017ರ ಮಾನಸಿಕ ಆರೋಗ್ಯ ಕಾಯ್ದೆಯಲ್ಲಿ ನೋಂದಣಿ ಆಗಿದೆಯಾ ಅಂತ ಕೇಳಿ, ಪ್ರಮಾಣಪತ್ರ ಕಣ್ಣಿಂದ ನೋಡಿ. ಮನೋವೈದ್ಯರು ಯಾರು, ಯಾವ ದಿನ ಬರುತ್ತಾರೆ, ರಾತ್ರಿ ಫಿಟ್ಸ್ ಬಂದರೆ ಏನು ಮಾಡುತ್ತೀರಿ ಅಂತ ಕೇಳಿ. ರೋಗಿಗೆ ಸರಪಳಿ ಹಾಕುವುದನ್ನು ಆ ಕಾಯ್ದೆ ಪೂರ್ತಿ ನಿಷೇಧಿಸಿದೆ. ಒಪ್ಪದ ರೋಗಿಯನ್ನು ಸೇರಿಸಬೇಕಾದರೂ ಇಬ್ಬರು ಬೇರೆ ಬೇರೆಯಾಗಿ ಪರೀಕ್ಷೆ ಮಾಡಿರಬೇಕು, ಅದರಲ್ಲಿ ಒಬ್ಬರು ಮನೋವೈದ್ಯರೇ ಆಗಿರಬೇಕು. ಅದೂ ಮೊದಲಿಗೆ 30 ದಿನದವರೆಗೆ ಮಾತ್ರ. ರಾತ್ರಿ ಜೀಪು ಕಳಿಸುತ್ತೇವೆ ಅಂದರೆ ಅಲ್ಲಿಂದ ಎದ್ದು ಬನ್ನಿ.

ಪುಡಿ ಯಾಕೆ ಬೇಡ ಅಂದರೆ, ಅಂಥ ಪುಡಿಯಲ್ಲಿ ಡೈಸಲ್ಫಿರಾಮ್ ಇರಬಹುದು. ಅದು ಒಳಗಿರುವಾಗ ಕುಡಿದರೆ ಮುಖ ಕೆಂಪಾಗಿ, ವಾಂತಿಯಾಗಿ, ಎದೆ ಬಡಿದುಕೊಂಡು ಬಿಪಿ ಕುಸಿಯುತ್ತದೆ. ಜೀವ ಹೋಗುವುದೂ ಉಂಟು. ನಿಲ್ಲಿಸಿದ ಮೇಲೂ ಎರಡು ವಾರದವರೆಗೆ ಅದರ ಪ್ರಭಾವ ಇರುತ್ತದೆ. ಡಾಕ್ಟರು ಅದೇ ಗುಳಿಗೆಯನ್ನು ಕೊಡುವುದುಂಟು, ಆದರೆ ರೋಗಿಗೆ ಎಲ್ಲ ತಿಳಿಸಿ, ಒಪ್ಪಿಸಿ. ಕದ್ದು ಹಾಕುವ ಔಷಧಿ ಅಲ್ಲ ಅದು. ನಾದಿನಿ ಒಳ್ಳೆಯ ಮನಸ್ಸಿನಿಂದಲೇ ತಂದಿರುತ್ತಾಳೆ. ಪೊಟ್ಟಣ ದವಾಖಾನೆಗೆ ಒಯ್ದು ತೋರಿಸಿ.

ಧರ್ಮಸ್ಥಳ ಯೋಜನೆಯವರ ಎಂಟು ದಿನದ ಮದ್ಯವರ್ಜನ ಶಿಬಿರಕ್ಕೆ ಕಳಿಸಿ ಅಂತ ನಿಮಗೆ ಒಬ್ಬರು ಹೇಳಿದ್ದಾರೆ. ಶಿಬಿರ ಒಳ್ಳೆಯದೇ, ಹೋಗಿ ಬಂದು ಬಿಟ್ಟವರನ್ನು ನೋಡಿದ್ದೇನೆ. ಇಳಕಲ್ಲಿನ ಮಹಾಂತ ಶಿವಯೋಗಿಗಳು ಜೋಳಿಗೆ ಹಿಡಿದು ಊರೂರು ತಿರುಗಿ ಜನರ ಚಟಗಳನ್ನೇ ಭಿಕ್ಷೆ ಬೇಡಿದರು. ಅವರು ಹುಟ್ಟಿದ ದಿನ, ಆಗಸ್ಟ್ 1, ಸರ್ಕಾರ ವ್ಯಸನಮುಕ್ತ ದಿನ ಮಾಡುತ್ತದೆ. ನಮ್ಮ ಮಾವನವರಿಗೂ ಅವರ ಮೇಲೆ ಬಹಳ ಭಕ್ತಿ, ಮಠದಲ್ಲಿ ಪ್ರಮಾಣ ಮಾಡಿಸೋಣ ಅಂದಿದ್ದರು. ಆದರೆ ಮುಂಜಾನೆ ಕೈ ನಡುಗುವವರಿಗೆ ಮೊದಲು ದವಾಖಾನೆ, ಶಿಬಿರ, ಪ್ರಮಾಣ ಎಲ್ಲ ಆಮೇಲೆ. ನಾವು ಹಾಗೇ ಮಾಡಿದೆವು.

ದವಾಖಾನೆಯಿಂದ ಬಂದ ಮೇಲೆಯೇ ನಿಜವಾದ ಕೆಲಸ ಶುರು. ಆಸೆ ಕಡಿಮೆ ಮಾಡುವ ಗುಳಿಗೆ ಬರೆದುಕೊಡುತ್ತಾರೆ, ಲಿವರ್ ಪರೀಕ್ಷೆ ನೋಡಿ ಯಾವುದು ಅಂತ ಅವರೇ ತೀರ್ಮಾನಿಸುತ್ತಾರೆ. ಆರಾಮಾಯಿತು ಅಂತ ಒಂದು ತಿಂಗಳಿಗೇ ಬಿಡಬೇಡಿ. ಪ್ರತಿ ಸಲ ಜಿಲ್ಲೆಗೇ ಹೋಗಬೇಕು ಅಂತಿಲ್ಲ. ಮನೋಚೈತನ್ಯ ಕಾರ್ಯಕ್ರಮದಲ್ಲಿ ಮಂಗಳವಾರ ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುತ್ತಾರೆ, ನಿಮ್ಮಲ್ಲಿಗೆ ಯಾವ ಮಂಗಳವಾರ ಅಂತ ಆಶಾ ಕಾರ್ಯಕರ್ತೆಯನ್ನು ಕೇಳಿ ಇಟ್ಟುಕೊಳ್ಳಿ. ನಮ್ಮವರು ಮೇಸ್ತ್ರಿಗೆ ತಾವೇ ಹೇಳಿ ಶನಿವಾರದ ಬಟವಾಡೆ ನನ್ನ ಖಾತೆಗೆ ಹಾಕಿಸಿದರು. ಕೈಯಲ್ಲಿ ನಗದು ಇದ್ದ ಸಂಜೆಯೇ ಅವರಿಗೆ ಕಷ್ಟ ಆಗುತ್ತಿತ್ತು. ಆಲ್ಕೋಹಾಲಿಕ್ಸ್ ಅನಾನಿಮಸ್ ಸಭೆಗೂ ಹೋಗುತ್ತಾರೆ, ಅಲ್ಲಿ ಶುಲ್ಕ ಇಲ್ಲ, ಬಿಡಬೇಕು ಅನ್ನುವ ಮನಸ್ಸಿದ್ದರೆ ಸಾಕು.

ಐದನೇ ತಿಂಗಳಲ್ಲಿ ಅಪ್ಪನ ಜಾತ್ರೆ ಬಂತು. ಶರಣಬಸವೇಶ್ವರರ ತೇರು ನೋಡಿ ಬರುತ್ತೇನೆ ಅಂತ ಹೋದವರು ಕುಡಿದು ಬಂದರು. ನಾನು ಬೈಯಲಿಲ್ಲ, ನಿಜ ಹೇಳಬೇಕೆಂದರೆ ಬೈಯುವ ಶಕ್ತಿಯೇ ಇರಲಿಲ್ಲ. ಮಾರನೇ ದಿನ ಇಬ್ಬರೂ ಮತ್ತೆ ಚೀಟಿ ಮಾಡಿಸಿ ಕ್ಯೂನಲ್ಲಿ ನಿಂತೆವು. ಡಾಕ್ಟರು ಕೇಳಿದ್ದು ಒಂದೇ, ಎಷ್ಟು ದಿನ ಬಿಟ್ಟಿದ್ದಿರಿ ಅಂತ. 140 ದಿನದ ಮೇಲೆ ಅಂದೆ. ಸರಿ, ಇವತ್ತಿಂದ ಮತ್ತೆ ಎಣಿಸಿ ಅಂದರು. ಆವತ್ತು ನನ್ನ ಹತ್ತಿರ ಬಸ್ಸಿಗೆ, ಗುಳಿಗೆಗೆ ದುಡ್ಡಿತ್ತು, ಅದಕ್ಕೇ ಹೋಗೋಕೆ ಆಯಿತು. ಬೋರಮಾಳ ಸರ ಮಾರಿದ್ದ ವರ್ಷ ಅದೂ ಇರಲಿಲ್ಲ.

ಸೋಮವಾರ ಬೇಗ ಹೊರಡಿ, ಓಪಿಡಿ ಚೀಟಿ ಮುಂಜಾನೆಯೇ ಮಾಡಿಸಬೇಕು. ದಾರಿಯಲ್ಲಿ ನಡುಕ ಜಾಸ್ತಿಯಾದರೆ ಅಥವಾ ಫಿಟ್ಸ್ ಬಂದರೆ 108. ಕುಡಿದೇ ಬಂದರೂ ಕರೆದುಕೊಂಡು ಹೋಗಿ, ನಾಳೆ ನೋಡೋಣ ಅನ್ನಬೇಡಿ. ಜೊತೆಗೆ ನಂಬಿಕೆಯ ಒಬ್ಬ ಗಂಡಸು ಇರಲಿ. ಹೊಲದ ಪಹಣಿ ಈಗಾಗಲೇ ಮೈದುನನ ಕೈಗೆ ಕೊಟ್ಟಿದ್ದರೆ, ಹೊರಡುವ ಮುಂಚೆ ವಾಪಸ್ ಇಸಿದುಕೊಂಡು ನಿಮ್ಮ ಟ್ರಂಕಿನಲ್ಲಿ ಇಡಿ. ಡಾಕ್ಟರು ಏನಂದರು ಅಂತ ಇಲ್ಲೇ ಕೆಳಗೆ ಬರೆಯಿರಿ, ನಾನು ನೋಡುತ್ತಿರುತ್ತೇನೆ.