ಅಮೆರಿಕದಲ್ಲಿ ಮಾಜಿ ಸೈನಿಕರ ಮನೆಗೇ ಹೋಗಿ ನೋಡೋ ಪಿಎ ಕೆಲಸ ನಿಜವಾಗ್ಲೂ ಹೇಗಿರತ್ತೆ?

ಬೆಂಗಳೂರಲ್ಲಿ ಫಿಸಿಶಿಯನ್ ಅಸಿಸ್ಟೆಂಟ್, ಅಂದ್ರೆ ಪಿಎ, ಬಿಎಸ್ಸಿ ಮುಗಿಸಿದೀನಿ, ಅಮೆರಿಕದಲ್ಲಿ ಮಾಜಿ ಸೈನಿಕರ ಮನೆಗೇ ಹೋಗಿ ಟ್ರೀಟ್‌ಮೆಂಟ್ ಕೊಡೋ ಪಿಎಗಳಿದಾರಂತೆ, ಅದೇನು ಡಾಕ್ಟರ್ ಹಿಂದೆ ಬ್ಯಾಗ್ ಹಿಡ್ಕೊಂಡು ಓಡಾಡೋ ಕೆಲಸಾನಾ, ನಾನು ಬರಬಹುದಾ ಅಂತ ಕೇಳಿದೀರ. ನಾನು 7 ವರ್ಷದಿಂದ ಅದೇ ಕೆಲಸದಲ್ಲಿದೀನಿ. ಓಹಾಯೋದ ಆಗ್ನೇಯ ಮೂಲೆ, ಬರೀ ಗುಡ್ಡ, ಹಳೇ ಕಲ್ಲಿದ್ದಲು ಗಣಿ ಊರುಗಳು, ಅರ್ಧ ಮನೆ ಖಾಲಿ. ನಮ್ಮೂರು ಸೋಮವಾರಪೇಟೆ ಕಡೆ, ಹಂಗಾಗಿ ತಿರುವು ರಸ್ತೆ ನಂಗೆ ಹೊಸದಲ್ಲ, ಹಿಮದಲ್ಲಿ ತಿರುಗ್ಸೋದನ್ನ ಮಾತ್ರ ಇಲ್ಲಿ ಬಂದು ಕಲ್ತಿದ್ದು.

ಬ್ಯಾಗ್ ಹಿಡಿಯೋದಂತೂ ನಿಜ, ಆದ್ರೆ ಬ್ಯಾಗ್ ನಂದೇ, ಜೊತೇಲಿ ಯಾವ ಡಾಕ್ಟರೂ ಇರಲ್ಲ. ವಿಎ ಅಂತಾರಲ್ಲ, ಮಾಜಿ ಸೈನಿಕರ ಸರ್ಕಾರಿ ಇಲಾಖೆ, ಅದರಲ್ಲಿ ಹೋಮ್ ಬೇಸ್ಡ್ ಪ್ರೈಮರಿ ಕೇರ್ ಅಂತ ಒಂದು ವಿಭಾಗ, 1970ರ ದಶಕದ ಶುರುವಿಂದ ಇದೆ. ಹಲವು ಕಾಯಿಲೆ ಸೇರ್ಕೊಂಡು ಕ್ಲಿನಿಕ್‌ಗೆ ಬಂದು ಹೋಗೋದೇ ಕಷ್ಟ ಆಗಿರೋರಿಗೆ ಇದು. ಒಂದು ಮನೆಗೆ ನಾನೇ ಫ್ಯಾಮಿಲಿ ಡಾಕ್ಟರ್ ಥರ, ಪರೀಕ್ಷೆ ಮಾಡೋದು, ಮಾತ್ರೆ ಬರೆಯೋದು, ಬ್ಲಡ್ ಟೆಸ್ಟು ಎಕ್ಸ್‌ರೇಗೆ ಆರ್ಡರ್ ಹಾಕೋದು, ಹುಣ್ಣು ನೋಡೋದು ಎಲ್ಲಾ ನಂದು. ನಮ್ಮ ಟೀಮಲ್ಲಿ ನರ್ಸು, ಸೋಶಿಯಲ್ ವರ್ಕರ್, ಡಯಟೀಶಿಯನ್, ಸೈಕಾಲಜಿಸ್ಟ್, ಫಾರ್ಮಸಿಸ್ಟ್, ಥೆರಪಿಸ್ಟ್ ಇದಾರೆ, ಮೇಲೊಬ್ರು ಡಾಕ್ಟರ್ ಇದಾರೆ, ವಾರಕ್ಕೊಂದ್ಸಲ ಎಲ್ರೂ ಕೂತು ಒಬ್ಬೊಬ್ಬರ ಕೇಸೂ ಮಾತಾಡ್ತೀವಿ, ನಡುವೆ ತೊಡಕಾದ್ರೆ ನಾನೇ ಡಾಕ್ಟರ್‌ಗೆ ಫೋನ್ ಮಾಡ್ತೀನಿ, ಸಿಗ್ನಲ್ ಇದ್ರೆ. ಅರ್ಧ ಕಣಿವೇಲಿ ಸಿಗ್ನಲ್ ಇರಲ್ಲ.

ಇಲ್ಲಿ ಮೆಡಿಕೇರ್ ಅಂದ್ರೆ ವಯಸ್ಸಾದವ್ರ ಸರ್ಕಾರಿ ಆರೋಗ್ಯ ವಿಮೆ, ಅದರದ್ದು ಹೋಮ್ ಹೆಲ್ತ್ ಅಂತ ಇನ್ನೊಂದಿದೆ, ಆಪರೇಷನ್ ಆದ್ಮೇಲೋ ಆಸ್ಪತ್ರೆಯಿಂದ ಬಂದ್ಮೇಲೋ ಸ್ವಲ್ಪ ದಿನ ನರ್ಸು ಥೆರಪಿಸ್ಟು ಬಂದು ಹೋಗ್ತಾರೆ, ಅಷ್ಟೇ. ನಮ್ದು ಹಂಗಲ್ಲ, ಸೇರ್ಕೊಂಡ್ರೆ ವರ್ಷಗಟ್ಲೆ, ಬಹಳ ಜನರಿಗೆ ಕೊನೇವರ್ಗೂ. ಆದ್ರೆ ಎಮರ್ಜೆನ್ಸಿ ನಾವಲ್ಲ, ಎದೆನೋವು ಬಂದ್ರೆ 911ಕ್ಕೇ ಫೋನ್ ಮಾಡ್ಬೇಕು, ಇದನ್ನ ಪ್ರತೀ ಮನೇಲೂ ಹೇಳಿ ಹೇಳಿ ಬಾಯಿ ನೋಯತ್ತೆ, ಆದ್ರೂ ಸೋಮವಾರ ಬೆಳಗ್ಗೆ "ಶನಿವಾರದಿಂದ ಎದೆ ಹಿಡ್ಕೊಂಡಿತ್ತು, ನೀನು ಬರ್ತೀಯಲ್ಲ ಅಂತ ಸುಮ್ನಿದ್ದೆ" ಅನ್ನೋರು ಸಿಕ್ಕೇ ಸಿಗ್ತಾರೆ.

ದಿನಕ್ಕೆ ನಾಲ್ಕು ಮನೆ, ಹತ್ತತ್ರ ಇದ್ರೆ ಐದು. ಉಳಿದಿದ್ದೆಲ್ಲಾ ಕಾರು. ಡಿಕ್ಕಿಯಲ್ಲಿ ತೂಕದ ಯಂತ್ರ, ಬ್ಯಾಂಡೇಜು, ಕ್ಯಾತಿಟರ್, ರಕ್ತ ತೆಗೆಯೋ ಸಾಮಾನು, ಒಂದು ಹಿಮ ಎತ್ತೋ ಸಲಿಕೆ. ನಂಗೆ ಅಭ್ಯಾಸಬಲದಿಂದ ಮೊದಲನೇ ವಾರ ಒಂದು ಮನೆ ಬಾಗಿಲಲ್ಲಿ ಚಪ್ಪಲಿ, ಅಂದ್ರೆ ಶೂ, ಬಿಚ್ಚಕ್ಕೆ ಹೋದೆ, ಜೊತೇಲಿದ್ದ ನರ್ಸು ಕೈ ಹಿಡಿದು ತಡೆದ್ಲು. ತಿಗಣೆ. ಬ್ಯಾಗನ್ನ ಕಾರ್ಪೆಟ್ ಮೇಲೂ ಇಡಲ್ಲ, ಸೋಫಾ ಮೇಲೂ ಇಡಲ್ಲ, ಮರದ ಕುರ್ಚಿ ಹುಡುಕಿ ಕೆಳಗೆ ಪೇಪರ್ ಹಾಸಿ ಇಡ್ತೀವಿ. ಹೋಗೋ ಮುಂಚೆ ಫೋನ್ ಮಾಡಿ ನಾಯಿ ಕಟ್ಟಿ ಅಂತ ಹೇಳ್ಬೇಕು, "ಅದು ಏನೂ ಮಾಡಲ್ಲ" ಅಂತ ಅಂದ್ರೂ ಕಟ್ಟಿ ಅನ್ನಬೇಕು, ಏನೂ ಮಾಡದೇ ಇರೋ ನಾಯಿ ನಂಗೆ ಎರಡ್ಸಲ ಕಚ್ಚಿದೆ.

ಈ ಕೆಲಸ ಅಂದ್ರೇನು ಅಂತ ನಂಗೆ ಅರ್ಥ ಆಗಿದ್ದು ನಾನೇ ಮಾಡಿದ ತಪ್ಪಿಂದ, ಅದನ್ನೇ ಹೇಳ್ತೀನಿ. ವಿಯೆಟ್ನಾಂಗೆ ಹೋಗ್ಬಂದ ಒಬ್ರು, 75 ದಾಟಿತ್ತು, ಹೆಂಡ್ತಿ ತೀರ್ಕೊಂಡು ಒಬ್ರೇ ಇದ್ರು. ಹೋದಾಗೆಲ್ಲ ಬಿಪಿ 170, 180. ಮಾತ್ರೆ ತಗೊಳ್ತಾ ಇದೀರಾ ಅಂದ್ರೆ ಸೆಟೆದು ಕೂತು "ಎಸ್ ಮ್ಯಾಮ್". ನಾನು ಡೋಸ್ ಏರ್ಸ್ದೆ, ಇಳೀಲಿಲ್ಲ, ಇನ್ನೊಂದು ಮಾತ್ರೆ ಸೇರಿಸ್ದೆ, ಇಳೀಲಿಲ್ಲ, ಮೂರನೇದು ಸೇರಿಸ್ದೆ. ಪುಸ್ತಕದಲ್ಲಿ ಇರೋದೂ ಹಂಗೇ. ಅಷ್ಟೊತ್ತಿಗೆ ಅವ್ರ ಮಗಳು ದೂರದ ಊರಿಂದ ಅಪ್ಪನ ಜೊತೆ ಇರಕ್ಕೆ ಬಂದ್ಲು, ಶಿಸ್ತಿನ ಹೆಂಗಸು, ಏಳು ದಿನದ ಮಾತ್ರೆ ಡಬ್ಬಿ ತಂದು ನಾನು ಬರೆದಿದ್ದನ್ನೆಲ್ಲಾ ಬರೆದ ಹಾಗೇ ಜೋಡಿಸಿ ಬೆಳಗ್ಗೆ ಸಂಜೆ ಎದುರಿಗೆ ನಿಂತು ನುಂಗ್ಸಿದ್ಲು. ನಾಲ್ಕನೇ ದಿನ ಮುದುಕಪ್ಪ ಬಚ್ಚಲಲ್ಲಿ ಬಿದ್ರು. ಆಂಬ್ಯುಲೆನ್ಸ್‌ನವ್ರು ನೋಡಿದಾಗ ಮೇಲಿನ ಬಿಪಿ 88. ಸೊಂಟದ ಮೂಳೆ ಮುರೀಲಿಲ್ಲ ಅನ್ನೋದೊಂದು ಪುಣ್ಯ, ಹುಬ್ಬಿನ ಮೇಲೆ ಆರು ಹೊಲಿಗೆ.

ಅವ್ರು ಅಲ್ಲೀತನಕ ಒಂದು ಮಾತ್ರೇನೂ ನುಂಗಿರಲಿಲ್ಲ! ನಾನು ಎಂಟು ತಿಂಗಳಿಂದ ಆ ಮನೇಲಿ ಹಾಲ್‌ನಲ್ಲೇ ಕೂತು ಎದ್ದು ಬಂದಿದ್ದೆ, ಮಾತ್ರೆ ಎಲ್ಲಿಡ್ತೀರ ತೋರಿಸಿ ಅಂತ ಒಂದು ದಿನಾನೂ ಕೇಳಿರಲಿಲ್ಲ. ಆಸ್ಪತ್ರೆಯಿಂದ ಬಂದ್ಮೇಲೆ ಕೇಳ್ದೆ. ಬಟ್ಟೆ ಒಗೆಯೋ ಮೆಷಿನ್ ಮೇಲಿನ ಕಪಾಟಲ್ಲಿ ಅಂಚೇಲಿ ಬಂದ ಲಕೋಟೆಗಳು ಒಡೀದೆ ಹಂಗಂಗೇ ಇದ್ವು, ವಿಎ ಮಾತ್ರೆ 90 ದಿನದ್ದು ಒಟ್ಟಿಗೇ ಪೋಸ್ಟಲ್ಲಿ ಬರತ್ತೆ. ಯಾಕೆ ಅಂದ್ರೆ ಸುಮ್ನೆ ಕೂತ್ರು. ಮಗಳು ಒಳಗೆ ಹೋದ್ಮೇಲೆ ಕೈ ತೋರ್ಸಿದ್ರು. ಬೆರಳ ಗಂಟೆಲ್ಲಾ ಊದಿ ತಿರುಚಿತ್ತು, ಮಕ್ಕಳು ತೆಗೀಬಾರ್ದು ಅಂತ ಒತ್ತಿ ತಿರುಗ್ಸೋ ಮುಚ್ಚಳ ಹಾಕಿರ್ತಾರಲ್ಲ ಸೀಸೆಗೆ, ಅದನ್ನ ತೆಗೆಯಕ್ಕೆ ಆಗ್ತಿರಲಿಲ್ಲ. ಯುದ್ಧದಲ್ಲಿ ಹೆಲಿಕಾಪ್ಟರ್ ಬಾಗಿಲಲ್ಲಿ ಮೆಷಿನ್‌ಗನ್ ಹಿಡ್ದು ಕೂತಿದ್ದವ್ರು, ಮುಚ್ಚಳ ತೆಗೆಯಕ್ಕಾಗಲ್ಲ ಅಂತ ನಂಗೆ ಹೇಳಕ್ಕೆ ನಾಚಿಕೆ. ಫಾರ್ಮಸಿಗೆ ಹೇಳಿದ್ರೆ ಸಾದಾ ಮುಚ್ಚಳ ಹಾಕಿ ಕಳಿಸ್ತಾರೆ, ಖರ್ಚಿಲ್ಲ. ಈಗ ಅವ್ರು ಒಂದೇ ಒಂದು ಮಾತ್ರೆ ತಗೋತಾರೆ, ಬಿಪಿ 130ರ ಆಸುಪಾಸು.

ಅವತ್ತಿಂದ ಯಾರ ಮನೇಲಾದ್ರೂ ಡೋಸ್ ಏರಿಸೋ ಮುಂಚೆ ಸೀಸೆ ಕೈಗೆ ತಗೊಂಡು ತಾರೀಖು ನೋಡಿ ಎಷ್ಟುಳಿದಿದೆ ಎಣಿಸ್ತೀನಿ. ಫ್ರಿಜ್ ತೆಗೀಬಹುದಾ ಅಂತ ಕೇಳ್ತೀನಿ, ಹಾರ್ಟ್ ಫೇಲ್ಯೂರ್, ಅಂದ್ರೆ ಹೃದಯ ದುರ್ಬಲ ಆಗಿರೋರ ಮನೇಲಿ ಬರೀ ಡಬ್ಬಿ ಸೂಪೇ ಇರತ್ತೆ, ಉಪ್ಪೋ ಉಪ್ಪು, ನಾವು ಮೈಯಲ್ಲಿ ಸೇರಿದ ನೀರು ಇಳಿಸೋ ಮಾತ್ರೆ ಕೊಡ್ತಾ ಹೋಗ್ತೀವಿ ಅವ್ರು ಸೂಪ್ ಕುಡೀತಾ ಹೋಗ್ತಾರೆ. ಇನ್ನೊಬ್ರು ದಿನಾ ತೂಕ ನೋಡಿ ನೀಟಾಗಿ ಬರೆದಿಡ್ತಿದ್ರು, ಒಂದು ದಿನಕ್ಕೆ ಮೂರು ಪೌಂಡ್ ಏರಿದ್ರೆ ಮೈಯಲ್ಲಿ ನೀರು ಸೇರ್ತಿದೆ ಅಂತ, ಫೋನ್ ಮಾಡಿ ಅಂತ ಹೇಳಿರ್ತೀವಿ, ಏರೇ ಇಲ್ಲ ಆದ್ರೆ ಕಾಲು ಬಾತ್ಕೊಂಡು ಬೂಟಿಗೆ ಹೋಗ್ತಿಲ್ಲ, ನೋಡಿದ್ರೆ ತೂಕದ ಯಂತ್ರ ದಪ್ಪ ಕಾರ್ಪೆಟ್ ಮೇಲಿದೆ! ಅಡುಗೆಮನೆ ಗಟ್ಟಿ ನೆಲದ ಮೇಲಿಟ್ಟು ನಿಲ್ಲಿಸ್ದೆ, 11 ಪೌಂಡ್ ಜಾಸ್ತಿ. ಇದನ್ನೆಲ್ಲಾ ಯಾವ ಕ್ಲಿನಿಕ್‌ನಲ್ಲಿ ಕೂತು ಕಂಡುಹಿಡಿಯಕ್ಕಾಗತ್ತೆ ಹೇಳಿ.

ಕಾಗದಪತ್ರದ ಕೆಲಸಾನೂ ಚಿಕಿತ್ಸೆನೇ ಇಲ್ಲಿ. 1962ರಿಂದ 1971ರವರೆಗೆ ವಿಯೆಟ್ನಾಂ ಕಾಡಿಗೆ ಏಜೆಂಟ್ ಆರೆಂಜ್ ಅನ್ನೋ ಎಲೆ ಉದುರಿಸೋ ವಿಷ ಸಿಂಪಡಿಸಿದ್ರಲ್ಲ, ಅಲ್ಲಿದ್ದವ್ರಿಗೆ ಸಕ್ಕರೆ ಕಾಯಿಲೆ, ಪಾರ್ಕಿನ್ಸನ್, ಪ್ರಾಸ್ಟೇಟ್ ಕ್ಯಾನ್ಸರ್ ಇಂಥದ್ದೆಲ್ಲಾ ಬಂದ್ರೆ ಸೇವೆಯಿಂದಲೇ ಬಂದಿದ್ದು ಅಂತ ಸರ್ಕಾರ ಒಪ್ಪತ್ತೆ, ಪರಿಹಾರ ಕೊಡತ್ತೆ. 2022ರ ಪ್ಯಾಕ್ಟ್ ಕಾಯ್ದೆಯಲ್ಲಿ ಬಿಪಿನೂ ಆ ಪಟ್ಟಿಗೆ ಸೇರ್ತು. ನಮ್ಮ ಮುಚ್ಚಳದ ತಾತ ಅರ್ಜಿನೇ ಹಾಕಿರಲಿಲ್ಲ, "ನನಗಿಂತ ಕಷ್ಟ ಪಟ್ಟೋರಿಗೆ ಸಿಗ್ಲಿ" ಅಂತ. ಸೋಶಿಯಲ್ ವರ್ಕರ್ ಹಿಂದೆ ಬಿದ್ದು ಕೌಂಟಿ ಆಫೀಸಿಗೆ ಕಳಿಸಿ ಅರ್ಜಿ ಹಾಕ್ಸಿದ್ರು, ಆ ದುಡ್ಡಲ್ಲೇ ಬಚ್ಚಲಿಗೆ ಹಿಡಿ ಕಂಬಿ ಬಂತು.

ನನ್ನ ಬಣ್ಣ ನನ್ನ ಇಂಗ್ಲಿಷು ಇದಕ್ಕೆಲ್ಲಾ ತೊಂದ್ರೆ ಆಗಲ್ವಾ ಅಂತ ನೀವು ಕೇಳಿಲ್ಲ, ಆದ್ರೆ ಮನಸ್ಸಲ್ಲಿರತ್ತೆ. ಆಗತ್ತೆ. ಕೊರಿಯಾ ಯುದ್ಧದವ್ರು ಒಬ್ರು, 92 ವರ್ಷ, ಸಕ್ಕರೆ ಕಾಯಿಲೆ, ಕಿವಿ ಮಂದ, ನಾನು ಹೋದ್ರೆ ಟಿವಿ ವಾಲ್ಯೂಮ್ ಏರಿಸೋರು. ಸಾಕ್ಸ್ ಬಿಚ್ಚಿ ಕಾಲು ನೋಡ್ಬೇಕು ಅಂದ್ರೆ ಕಾಲು ಚೆನ್ನಾಗಿದೆ ಅಂತ ಅಷ್ಟೇ. ಮೂರು ಭೇಟಿ ಹಿಂಗೇ ಆಯ್ತು. ನಾಲ್ಕನೇ ಸಲ ನೀನು ಎಲ್ಲಿಯವಳು ಅಂದ್ರು. ಇಂಡಿಯಾ ಅಂದೆ. ಟಿವಿ ಆಫ್ ಮಾಡಿದ್ರು. "ನಿಮ್ಮವ್ರನ್ನ ನಾವು ಹೆಲಿಕಾಪ್ಟರ್‌ನಲ್ಲಿ ಹೊತ್ಕೊಂಡು ಹೋಗಿದೀವಿ" ಅಂದ್ರು. ನಿಜ ಅದು. 1953ರಲ್ಲಿ ಕದನವಿರಾಮ ಆದ್ಮೇಲೆ ಊರಿಗೆ ವಾಪಸ್ ಹೋಗಲ್ಲ ಅಂದ ಯುದ್ಧಕೈದಿಗಳನ್ನ ಕಾಯಕ್ಕೆ ಭಾರತದ ಸೇನೆ ಹೋಗಿತ್ತು, ದಕ್ಷಿಣ ಕೊರಿಯಾದ ಅಧ್ಯಕ್ಷ ಸಿಂಗ್‌ಮನ್ ರೀ ನನ್ನ ನೆಲದ ಮೇಲೆ ಭಾರತದವ್ರು ಕಾಲಿಡಬಾರದು ಅಂತ ಹಟ ಹಿಡಿದಿದ್ದಕ್ಕೆ ಅಮೆರಿಕದವ್ರು ನಮ್ಮವ್ರನ್ನ ಹೆಲಿಕಾಪ್ಟರ್‌ನಲ್ಲಿ ಗಡಿವಲಯಕ್ಕೆ ಸಾಗಿಸಿದ್ರು. ಈ ತಾತ ಆ ಹೆಲಿಕಾಪ್ಟರ್‌ಗಳ ರಿಪೇರಿ ಹುಡುಗ. ಆ ಕೈದಿಗಳ ಆಯೋಗಕ್ಕೆ ಮುಖ್ಯಸ್ಥರಾಗಿದ್ದವ್ರು ನಮ್ಮ ಜಿಲ್ಲೆಯ ಜನರಲ್ ತಿಮ್ಮಯ್ಯ, ಮಡಿಕೇರಿಯಲ್ಲಿ ಅವ್ರ ಮನೆ ಸನ್ನಿಸೈಡ್ ಈಗ ಮ್ಯೂಸಿಯಂ ಆಗಿದೆ, ಸ್ಕೂಲಲ್ಲಿದ್ದಾಗ ಆ ರಸ್ತೆಯಲ್ಲೇ ಬಸ್ಸಲ್ಲಿ ಓಡಾಡ್ತಿದ್ವಿ ಅಂತ ಕೂಗಿ ಕೂಗಿ ಹೇಳ್ದೆ, ಫೋನಲ್ಲಿ ಫೋಟೋ ತೋರ್ಸ್ದೆ. ಬಹಳ ಹೊತ್ತು ನೋಡಿದ್ರು. ಆಮೇಲೆ ತಾವೇ ಬಗ್ಗಿ ಸಾಕ್ಸ್ ಎಳೆಯಕ್ಕೆ ಹೋದ್ರು, ಆಗ್ಲಿಲ್ಲ, ನಾನು ಎಳೆದೆ. ಬಲ ಹಿಮ್ಮಡಿಯಲ್ಲಿ ರೂಪಾಯಿ ಅಗಲದ ಹುಣ್ಣು, ಅಂಚು ಕಪ್ಪು. ಕೊರಿಯಾದ ಆ ಚಳೀಲಿ ಕಾಲ ಬೆರಳು ಮರಗಟ್ಟಿದ್ದು ಅವತ್ತಿಂದ ಇವತ್ತಿನವರೆಗೂ ಸರಿಯಾಗಿ ಸ್ಪರ್ಶ ಬಂದೇ ಇಲ್ವಂತೆ, ಅದರ ಮೇಲೆ ಸಕ್ಕರೆ ಕಾಯಿಲೆ, ನೋವು ಗೊತ್ತಾಗೋದಾದ್ರೂ ಹೇಗೆ. ಐದು ತಿಂಗಳು ಡ್ರೆಸಿಂಗ್ ಮಾಡಿದ್ವಿ, ಕಾಲು ಉಳೀತು.

ಗನ್ ಬಗ್ಗೆ ಕೇಳಲೇಬೇಕು. ನಮ್ಮ ಕಡೆ ಕೊಡಗಲ್ಲಿ ಕೋವಿ ಮನೇಲಿರೋದು ಮಾಮೂಲು, ಇಲ್ಲೂ ಹಂಗೇ, ಹಂಗಾಗಿ ನಂಗೆ ಗಾಬರಿ ಆಗಲ್ಲ, ಆದ್ರೆ ಮರೆವಿನ ಕಾಯಿಲೆ ಇರೋರ ದಿಂಬಿನ ಕೆಳಗೆ ಲೋಡ್ ಆಗಿರೋ ಪಿಸ್ತೂಲು ಇರತ್ತೆ, ಹೆಂಡ್ತೀನೇ ಕಳ್ಳ ಅನ್ಕೊಂಡ್ರೆ ಏನ್ ಗತಿ. ಅದಕ್ಕಿಂತ ಜಾಸ್ತಿ ಹೆದರಿಕೆ ಒಂಟಿ ಮುದುಕರದ್ದು, ತಮಗೇ ತಾವು ಹೊಡ್ಕೊಂಡ್ರೆ ಅಂತ. ತಗೊಂಡು ಹೋಗ್ತೀನಿ ಅಂದ್ರೆ ಮತ್ತೆ ಬಾಗಿಲು ತೆಗೆಯಲ್ಲ, ಬೀಗ ಹಾಕೋಣ್ವಾ, ಗುಂಡು ಬೇರೆ ಕಡೆ ಇಡೋಣ್ವಾ ಅಂದ್ರೆ ಕೇಳ್ತಾರೆ. ವಿಎ ಗನ್ ಲಾಕ್ ಪುಕ್ಕಟೆ ಕೊಡತ್ತೆ, ಬ್ಯಾಗಲ್ಲಿ ಯಾವಾಗ್ಲೂ ನಾಲ್ಕೈದು ಇರ್ತಾವೆ. 988 ಒತ್ತಿ ಆಮೇಲೆ 1 ಒತ್ತಿದ್ರೆ ಮಾಜಿ ಸೈನಿಕರ ಸಹಾಯವಾಣಿ ಸಿಗತ್ತೆ, ಅದನ್ನ ಫ್ರಿಜ್ ಮೇಲೆ ದೊಡ್ಡಕ್ಷರದಲ್ಲಿ ಅಂಟಿಸ್ತೀನಿ.

ಸಾವು ಬಹಳ ನೋಡ್ತೀರ. ವರ್ಷಕ್ಕೆ ನನ್ನ ಲಿಸ್ಟಲ್ಲಿ ಏಳೆಂಟು ಜನ ಹೋಗ್ತಾರೆ. ಕೆಲವ್ರ ಮನೇಲಿ ಆಮೇಲೂ ಒಂದ್ಸಲ ಹೋಗಿ ಕೂತು ಬರ್ತೀನಿ, ಮಾಜಿ ಸೈನಿಕರ ಅಂತ್ಯಕ್ರಿಯೇಲಿ ಕೊಡೋ ತ್ರಿಕೋನ ಮಡಿಸಿದ ಬಾವುಟ ಟಿವಿ ಪಕ್ಕದಲ್ಲಿಟ್ಟಿರ್ತಾರೆ, ಕಾಫಿ ಕೊಡ್ತಾರೆ, ನೀರು ನೀರಾಗಿರತ್ತೆ, ಕುಡೀತೀನಿ.

ಇನ್ನು ನಿಮ್ಮ ವಿಷಯ. ನೇರವಾಗಿ ಹೇಳ್ತೀನಿ, ಭಾರತದ ಪಿಎ ಡಿಗ್ರಿ ಮೇಲೆ ಇಲ್ಲಿ ಪಿಎ ಆಗಕ್ಕಾಗಲ್ಲ. ಇಲ್ಲಿ ಮಾನ್ಯತೆ ಇರೋ ಪಿಎ ಕಾಲೇಜಲ್ಲೇ ಓದಿ ಪ್ಯಾನ್ಸ್ ಅನ್ನೋ ಪರೀಕ್ಷೆ ಪಾಸ್ ಮಾಡ್ಬೇಕು, ಡಾಕ್ಟರ್‌ಗಳ ಥರ ಹೊರಗಿನ ಡಿಗ್ರಿ ತಂದು ಪರೀಕ್ಷೆ ಬರೆಯೋ ದಾರಿ ಇಲ್ಲ. ಕೋರ್ಸು ಸುಮಾರು 27 ತಿಂಗಳು, ಮಾಸ್ಟರ್ಸ್, ಫೀಸು ಜೋರು. ಸೀಟಿಗೆ ಮುಂಚೆ ರೋಗಿಗಳ ಜೊತೆ ಕೆಲಸ ಮಾಡಿದ ಗಂಟೆಗಳನ್ನ ಕೇಳ್ತಾರೆ, ಬಹಳ ಕಡೆ ಸಾವಿರದ ಮೇಲೆ. ನಾನು ಮದುವೆಯಾಗಿ ಬಂದೋಳು, ಎರಡು ವರ್ಷ ವೃದ್ಧಾಶ್ರಮದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿ ಡೈಪರ್ ಬದಲಾಯಿಸಿ ಗಂಟೆ ಸೇರಿಸ್ದೆ, ಊರಲ್ಲಿ ಅಮ್ಮನಿಗೆ ಆಸ್ಪತ್ರೆ ಕೆಲಸ ಅಂತ ಮಾತ್ರ ಹೇಳಿದ್ದೆ. ವಿಎ ಕೆಲಸಕ್ಕೆ ಮೊದಲ ಆದ್ಯತೆ ಅಮೆರಿಕದ ಪ್ರಜೆಗಳಿಗೆ, ನಾನು ಸಿಟಿಜನ್ ಆದ್ಮೇಲೇ ಅರ್ಜಿ ಹಾಕಿದ್ದು. ಸಂಬಳ ಸರಿ ಇದೆ, 2023ರ ಸರ್ಕಾರಿ ಲೆಕ್ಕದಲ್ಲಿ ಇಡೀ ದೇಶದ ಪಿಎಗಳ ಮಧ್ಯಮ ವೇತನ ವರ್ಷಕ್ಕೆ ಸುಮಾರು 1,30,000 ಡಾಲರ್, ಆಪರೇಷನ್ ಥಿಯೇಟರ್ ಕಡೆ ಹೋದ್ರೆ ಇನ್ನೂ ಬರತ್ತೆ.

ಅಸಿಸ್ಟೆಂಟ್ ಅನ್ನೋ ಹೆಸರು ನಿಮಗೆ ಚುಚ್ತಾ ಇದೆ ಅಂತ ಪ್ರಶ್ನೆ ಧಾಟೀಲೇ ಗೊತ್ತಾಗತ್ತೆ, ನಂಗೂ ಚುಚ್ತಿತ್ತು, ಇಲ್ಲಿನ ಪಿಎಗಳ ಸಂಘ 2021ರಲ್ಲಿ ಫಿಸಿಶಿಯನ್ ಅಸೋಸಿಯೇಟ್ ಅಂತ ಬದಲಾಯಿಸಕ್ಕೆ ಹೊರಟಿದ್ದೂ ಅದಕ್ಕೇ. ಆದ್ರೆ ಈ ವೃತ್ತಿ ಹುಟ್ಟಿದ್ದು ಹೇಗೆ ಗೊತ್ತಾ, 1965ರಲ್ಲಿ ಡ್ಯೂಕ್ ಯೂನಿವರ್ಸಿಟಿಯಲ್ಲಿ ಡಾ. ಯೂಜಿನ್ ಸ್ಟೆಡ್ ಮೊದಲನೇ ಬ್ಯಾಚಿಗೆ ಸೇರಿಸ್ಕೊಂಡಿದ್ದು ನಾಲ್ಕು ಜನ ಮಾಜಿ ನೌಕಾದಳದ ಕೋರ್‌ಮನ್‌ಗಳನ್ನ, ಅಂದ್ರೆ ಸೇನೇಲಿ ಗಾಯಾಳುಗಳನ್ನ ನೋಡ್ಕೊಳ್ತಿದ್ದವ್ರನ್ನ. ನನ್ನ ಲಿಸ್ಟಲ್ಲಿ ಒಬ್ರು ಹಳೇ ಕೋರ್‌ಮನ್ ಇದಾರೆ, ಪಾರ್ಕಿನ್ಸನ್, ಕೈ ನಡುಗತ್ತೆ. ನಾನು ರಕ್ತ ತೆಗೆಯೋವಾಗ ಮಾತ್ರ ತಮ್ಮ ಇನ್ನೊಂದು ಕೈಯಿಂದ ನರ ಮುಟ್ಟಿ ಇಲ್ಲಿ ಚುಚ್ಚು ಅಂತ ತೋರಿಸ್ತಾರೆ, ಒಂದ್ಸಲಾನೂ ತಪ್ಪಿಲ್ಲ.

ಕಾಲೇಜು ಅರ್ಜಿ ಬಗ್ಗೆ ಬೇಕಿದ್ರೆ ಇನ್ನೊಂದು ಪ್ರಶ್ನೆ ಹಾಕಿ, ಅದನ್ನ ಬೇರೆ ಬರೀತೀನಿ. ನಾಳೆ ಮೊದಲನೇ ಮನೆ 48 ಮೈಲಿ, ರಾತ್ರಿ ಹಿಮ ಬೀಳತ್ತೆ ಅಂತಿದಾರೆ, ಸಲಿಕೆ ಡಿಕ್ಕಿಗೆ ಹಾಕಿ ಮಲಗ್ತೀನಿ.